ಮಾತು ಕಿತ್ತ ಹಾಡು

ಫಿಲೊಮೆನಾ ಮಗುವಿಗೆ ಹಾಲಿನಲ್ಲಿ ಬ್ರೆಡ್ಡು ನೆನೆಸುತ್ತಿದ್ದಾಗ ದೋನ್ ಲಿಬೋರಿಯೊ ಮೆಟ್ಟಿಲು ಹತ್ತಿ ಬಂದ. ನೇಪಲ್ಸಿನಲ್ಲಿ ಯಾವ ಸಂಗೀತ ನಾಟಕವೂ ಅವನ ಕತ್ತರಿ ದಾಟದೆ ರಂಗಕ್ಕೆ ಬರುತ್ತಿರಲಿಲ್ಲ. ಕಾಫಿ ಕುಡಿದು, ಮಗುವಿನ ಗಲ್ಲ ಸವರಿ, ಅವಳ ಗಂಡ ಎರ್ಸಿಲಿಯೊ ಬರೆದು ರಾಗ ಹಾಕಿದ ನಾಟಕವನ್ನು ಮೇಜಿನ ಮೇಲಿಟ್ಟ.

"ಕೊನೇ ಅಂಕದ ಹಾಡು ತೆಗೆದಿದೀನಿ. ರಾಜ ಮಗನ್ನ ಕೊಲ್ಲಿಸಿದ ಅಂತ ತಾಯಿ ಅಳೋದು ನಮ್ಮ ರಾಜ್ಯದಲ್ಲಿ ನಡೆಯಲ್ಲ."

"ರಾಗ?" ಎಂದ ಎರ್ಸಿಲಿಯೊ.

"ಇಟ್ಕೊಳ್ಳಿ. ರಾಗಕ್ಕೆಲ್ಲಿ ನಾಲಿಗೆ ಇದೆ?" ಬಾಗಿಲಲ್ಲಿ ನಿಂತು ಫಿಲೊಮೆನಾಳ ಕಡೆ ನಕ್ಕ. "ನಾಳೆ ಮೊದಲ ಪ್ರದರ್ಶನ. ಪದ್ಧತಿ ಪ್ರಕಾರ ನಿಮ್ಮ ಯಜಮಾನ್ರು ವಾದ್ಯದವರ ನಡುವೇನೇ ಕೂತು ತಾಳ ಕೊಡ್ತಿರ್ತಾರಲ್ಲಮ್ಮ? ಒಳ್ಳೇದಾಯ್ತು. ಹುಡುಕೋ ಕೆಲಸ ಇರಲ್ಲ."

ಅವನ ಹೆಜ್ಜೆ ಸದ್ದು ಅಡಗಿದ ಮೇಲೆ ಎರ್ಸಿಲಿಯೊ ಹೇಳಿದ: "ತಾಯಿ ಪಾತ್ರ ನಿಂದೇ, ನೀನು ಹಾಡಿಬಿಡು. ಆ ಹಾಡಿಲ್ದೆ ಆ ನಾಟಕ ಹೆಣ."

"ನಾನು ಬಾಯಿ ಬಿಡಲ್ಲ. ನಿಮ್ಮ ನಾಟಕಕ್ಕೆ ಹಾಡು ಬೇಕು, ನನ್ನ ಕೂಸಿಗೆ ಅಪ್ಪ ಬೇಕು."

ಕೂಸು ಅಳತೊಡಗಿತು. ಫಿಲೊಮೆನಾ ಅದನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಬಳಿ ಹೋದಳು. ಬೇಸಿಗೆಯುದ್ದಕ್ಕೂ ಅಭ್ಯಾಸವೂ ಆಗಲಿ, ಕೂಸೂ ಮಲಗಲಿ ಎಂದು ಆ ಹಾಡನ್ನೇ ಜೋಗುಳ ಮಾಡಿಕೊಂಡಿದ್ದಳು. ಈಗಲೂ ಬಾಯಿಗೆ ಅದೇ ಬಂತು: "ಏಳು ಮಗನೆ..." ಅಲ್ಲಿ ಸ್ವಲ್ಪ ನಿಂತು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "...ದೊರೆ ನಿದ್ರಿಸುತ್ತಿದ್ದಾನೆ." ಕೆಳಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಬಗ್ಗಿದರು.

ಮರುದಿನ ಸಂಜೆ ಕೊನೆಯ ಅಂಕದಲ್ಲಿ ಅವಳು ರಂಗದ ಮೇಲೆ ತುಟಿ ಬಿಗಿದು ನಿಂತಳು. ಕೊಳಲು ರಾಗವನ್ನು ಎತ್ತಿತು. ದೋನ್ ಲಿಬೋರಿಯೊ ತನ್ನ ಆಸನದಲ್ಲಿ ನೆಮ್ಮದಿಯಾಗಿ ಒರಗಿಕೊಂಡಿದ್ದ.

ಅಷ್ಟರಲ್ಲಿ ಮೇಲಿನ ಅಗ್ಗದ ಸಾಲಿನಿಂದ ಒಬ್ಬ ಹೆಂಗಸಿನ ಒರಟು ದನಿ ಬಂತು. "ಏಳು ಮಗನೆ..." ಪಕ್ಕದವಳು ಸೇರಿದಳು, ಆಮೇಲೆ ಇಡೀ ಸಾಲು. ಎಲ್ಲರೂ ಒಟ್ಟಿಗೆ, ಸ್ವರಲಿಪಿಯಲ್ಲಿಲ್ಲದ ಕಡೆ, ಸ್ವಲ್ಪ ನಿಂತರು.

ಅದು ಫಿಲೊಮೆನಾ ಕೂಸಿಗೆ ಹೆಗಲು ಬದಲಿಸುವ ಜಾಗ.

ವಾದ್ಯಗಳು ಮುಂದೆ ಹೋಗಬಹುದಿತ್ತು. ಹೋಗಿದ್ದರೆ ಜನರ ಹಾಡು ತಾಳ ತಪ್ಪಿ ಅಲ್ಲೇ ಮುರಿಯುತ್ತಿತ್ತು. ವಾದ್ಯ ನಿಲ್ಲಿಸಬೇಡಿ ಎನ್ನುವಂತೆ ಅವಳು ಗಂಡನ ಕಡೆ ನೋಡಿದಳು. ಎರ್ಸಿಲಿಯೊ ಕೈಯೆತ್ತಿ ವಾದ್ಯದವರನ್ನು ತಡೆದ. ಕೂಸು ಇನ್ನೊಂದು ಹೆಗಲಿಗೆ ಹೋಗುವಷ್ಟು ಹೊತ್ತು ಕಾದು, ಕೈ ಇಳಿಸಿದ.

"...ದೊರೆ ನಿದ್ರಿಸುತ್ತಿದ್ದಾನೆ" ಎಂದಿತು ಮೇಲಿನ ಸಾಲು.

ದೋನ್ ಲಿಬೋರಿಯೊನ ಆಸನ ಆಗಲೇ ಖಾಲಿಯಿತ್ತು. ವಾದ್ಯದವರ ಹಿಂದಿನ ಪುಟ್ಟ ಬಾಗಿಲು ತೆರೆಯಿತು. ಅದಕ್ಕೆ ಬೆನ್ನು ಮಾಡಿ ಕೂತಿದ್ದ ಎರ್ಸಿಲಿಯೊ ತಾಳ ಬಿಡಲಿಲ್ಲ. ಫಿಲೊಮೆನಾಗೆ ಮಾತ್ರ ಆ ಬಾಗಿಲು ಕಾಣುತ್ತಿತ್ತು.