ಕಣ್ಣು ಮುಚ್ಚಿಕೊಂಡು ಆರಿಸಿದ ಪ್ಲೇಯರ್

ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತ ಗೋಂದಣ್ಣ ಕಣ್ಣು ಮುಚ್ಚಿಕೊಂಡು ಐದನೆಯ ಮ್ಯೂಸಿಕ್ ಪ್ಲೇಯರನ್ನು ಸವರತೊಡಗಿದಾಗ ಅಂಗಡಿಯಾಕೆಗೆ ತಡೆಯಲಾಗಲಿಲ್ಲ.

“ಸರ್, ತಲೆ ಗಿಲೆ ಸುತ್ತುತ್ತಿದ್ಯಾ? ಕೂತ್ಕೊಳ್ಳಿ, ನೀರು ತರ್ತೀನಿ.”

“ಇಲ್ಲಮ್ಮ, ಗುಂಡಿ ಹುಡುಕ್ತಿದೀನಿ.”

“ಕಣ್ಣು ಬಿಟ್ರೆ ಬೇಗ ಸಿಗುತ್ತೆ.”

“ಬೇಗ ಸಿಗೋದು ಬೇಡ. ಕಣ್ಣು ಬಿಡದೇ ಸಿಗಬೇಕು.”

ಗೋಂದಣ್ಣ ಬೈಂಡಿಂಗ್ ಕಾರ್ಖಾನೆಯಲ್ಲಿ ಪುಸ್ತಕದ ಬೆನ್ನಿಗೆ ಅಂಟು ಹಚ್ಚುವವನು. ಇಪ್ಪತ್ತು ವರ್ಷದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಪಕ್ಕದ ಮೇಜಿನಲ್ಲಿ ಪುಸ್ತಕ ಹೊಲಿಯುವ ಅಕ್ಕನಿಗೆ ಕಣ್ಣಿನ ಒಳಪರದೆ ಕಳಚಿ ಮೊನ್ನೆ ಆಪರೇಷನ್ ಆಗಿತ್ತು. ಎರಡು ವಾರ ಮುಖ ಕೆಳಗೆ ಮಾಡಿಯೇ ಮಲಗಬೇಕು, ಟಿವಿಯತ್ತ ತಲೆ ಎತ್ತಲೂ ಕೂಡದು ಎಂದು ಡಾಕ್ಟರು ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಹಾಗಾದ್ರೆ ದೊಡ್ಡ ಸೊಸೆ ಗತಿ?” ಡಾಕ್ಟರು ಅದನ್ನು ಮನೆಯ ಸಂಕಟವೆಂದು ತಿಳಿದು, ಅಕ್ಕನ ಯಜಮಾನರನ್ನು ಹೊರಗೆ ಕರೆದು ಧೈರ್ಯ ಹೇಳಿದರಂತೆ.

ದೊಡ್ಡ ಸೊಸೆ ಸಂಜೆ ಏಳರ ಧಾರಾವಾಹಿಯವಳು. ಕೇಳಿಸಿಕೊಂಡಾದರೂ ಕಥೆ ತಿಳಿಯೋಣವೆಂದರೆ ಅದರಲ್ಲಿ ಮಾತು ಕಡಿಮೆ. ಒಬ್ಬರು ಬೆಚ್ಚಿಬೀಳುತ್ತಾರೆ, ಉಳಿದ ಒಂಬತ್ತು ಮಂದಿ ಸರದಿಯ ಪ್ರಕಾರ ಬೆಚ್ಚಿಬೀಳುತ್ತಾರೆ, ಅಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಅಕ್ಕನ ಫೋನೋ ಬರೀ ನುಣ್ಣನೆಯ ಗಾಜು. ನೋಡದೆ ಮುಟ್ಟಿದರೆ ಯಾರಿಗೋ ಕರೆ ಹೋಗುತ್ತದೆ. ಹಾಗಾಗಿ ಗೋಂದಣ್ಣ ಒಂದು ಉಪಾಯ ಮಾಡಿದ್ದ. ದಿನವೂ ತಾನೇ ನೋಡಿ, ಕಥೆಯನ್ನು ಬಾಯಲ್ಲಿ ಹೇಳಿ, ಪ್ಲೇಯರಿನಲ್ಲಿ ತುಂಬಿಸಿ ಕೊಡುವುದು.

ಉಪಾಯ ಸಣ್ಣದು, ಅದರ ಹಿಂದಿನ ಕಾರಣ ದೊಡ್ಡದು. ಆರು ವರ್ಷದ ಹಿಂದೆ, ಇದೇ ದೊಡ್ಡ ಸೊಸೆ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ ವಾರ, ಗೋಂದಣ್ಣನ ಹೆಂಡತಿ ತೀರಿಕೊಂಡಿದ್ದಳು. ಧಾರಾವಾಹಿ ಅವಳದು, ಅವನು ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದವನು. ಕೆಲಸಕ್ಕೆ ಮರಳಿದ ದಿನ ಊಟದ ಹೊತ್ತಿನಲ್ಲಿ ಏನು ಮಾತಾಡಬೇಕೆಂದು ಯಾರಿಗೂ ತೋಚದಿದ್ದಾಗ ಅವನೇ ಕೇಳಿದ್ದ: “ಅಕ್ಕ, ಆ ದೊಡ್ಡ ಸೊಸೆ ಬದುಕಿದ್ಲಾ?” ಮರುದಿನದಿಂದ ಅಕ್ಕ ಕಥೆ ಹೇಳತೊಡಗಿದಳು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಬರೀ ಕಥೆ, ದಿನಾ ಊಟದ ಹೊತ್ತಿಗೆ. ಮನೆಯ ಟಿವಿಯನ್ನು ಮತ್ತೆ ಹಚ್ಚದವನು ಆ ಅರ್ಧ ಗಂಟೆಗಾಗಿ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಿದ್ದ. ಇದನ್ನು ಅಕ್ಕನಿಗೆ ಹೇಳಬೇಕೆಂದು ಆರು ವರ್ಷದಿಂದ ಬಾಯಿ ತೆರೆಯುತ್ತಿದ್ದ; ತೆರೆದ ಬಾಯಿಗೆ ತುತ್ತು ಹಾಕಿಕೊಂಡು ಸುಮ್ಮನಾಗುತ್ತಿದ್ದ.

“ಇದು ನೋಡಿ, ಹತ್ತು ಸಾವಿರ ಹಾಡು ಹಿಡಿಯುತ್ತೆ,” ಎಂದಳು ಅಂಗಡಿಯಾಕೆ.

“ಹಾಡು ಬೇಡ. ನನ್ನ ಮಾತು ರೆಕಾರ್ಡ್ ಆಗುತ್ತಾ? ನೋಡೋಕಾಗದೇ ಮಲಗಿರೋರಿಗೆ ದೊಡ್ಡ ಸೊಸೆ ಕಥೆ ಹೇಳ್ಬೇಕು.”

ಆಕೆಯ ಮುಖ ಅರಳಿತು. “ಮೊದಲೇ ಹೇಳ್ಬಾರ್ದಾ! ಅದರಲ್ಲಿ ಬರೋ ಆ ವಕೀಲನ್ನ ಮಾತ್ರ ನಂಬಬೇಡಿ ಅಂತ ಹೇಳಿ ಅವರಿಗೆ.”

“ಯಾಕೆ, ಪಾಪದೋನಲ್ವಾ?”

“ಪಾಪದೋನು! ಅವನು ಬಂದಾಗೆಲ್ಲ ಪಿಟೀಲು ನಿಂತು ಡ್ರಮ್ಮು ಶುರುವಾಗುತ್ತೆ. ನೀವು ಗಂಡಸರು ಹಿಂದಿನ ಸಂಗೀತ ಕೇಳಿಸ್ಕೊಳ್ಳೋದೇ ಇಲ್ಲ. ಅತ್ತೆ ಬದಲಾಗಿದ್ದಾದ್ರೂ ಗೊತ್ತಾ?”

“ಒಳ್ಳೆಯವಳಾದ್ಲಾ?”

“ಅಯ್ಯೋ, ಆ ಪಾತ್ರಕ್ಕೆ ಬೇರೆಯವಳೇ ಬಂದಿದಾಳೆ. ಮನೇಲಿ ಒಬ್ಬರಿಗೂ ಗೊತ್ತಾಗಿಲ್ಲ, ಹೆತ್ತ ಮಗನಿಗೂ!”

ಗೋಡೆಗೆ ತೂಗುಹಾಕಿದ್ದ ಟಿವಿಗಳಲ್ಲಿ ಒಂದರಲ್ಲಿ ಅಡುಗೆ ಸ್ಪರ್ಧೆ, ಇನ್ನೊಂದರಲ್ಲಿ ಹಾಡಿನ ಸ್ಪರ್ಧೆ. ಎರಡರಲ್ಲೂ ಸೋತವರು ಅಳುತ್ತಿದ್ದರು, ಗೆದ್ದವರು ಇನ್ನೂ ಜೋರಾಗಿ. “ಅವೆಲ್ಲ ನೋಡ್ಬೇಡಿ, ಟೈಮ್ ದಂಡ,” ಎನ್ನುತ್ತ ಆಕೆ ಕೆಳಗಿನ ಖಾನೆಯಿಂದ ಸೋಪಿನ ಗಾತ್ರದ, ಉಬ್ಬು ಗುಂಡಿಗಳ ಹಳೆಯ ನಮೂನೆಯ ಪ್ಲೇಯರೊಂದನ್ನು ತೆಗೆದು ಧೂಳು ಒರೆಸಿದಳು. ಗೋಂದಣ್ಣ ಕಣ್ಣು ಮುಚ್ಚಿದ. ಹೆಬ್ಬೆರಳು ನೆಟ್ಟಗೆ ಹೋಗಿ ದೊಡ್ಡ ಗುಂಡಿಯ ಮೇಲೆ ಕೂತಿತು.

ಸೋಮವಾರ ಸಂಜೆ ಏಳಕ್ಕೆ, ಆರು ವರ್ಷದ ಮೇಲೆ, ಮನೆಯ ಟಿವಿ ಹಚ್ಚಿದ. ಮೊದಲ ಹತ್ತು ನಿಮಿಷ ತೆರೆಗಿಂತ ಪಕ್ಕದ ಕುರ್ಚಿಯನ್ನೇ ಹೆಚ್ಚು ನೋಡಿದ. ಆಮೇಲೆ ಡ್ರಮ್ಮು ಕೇಳಿಸಿತು, ಬೆನ್ನು ನೆಟ್ಟಗೆ ಮಾಡಿ ಕೂತ. ಶನಿವಾರದವರೆಗೆ ಆರು ಕಂತು ನೋಡಿ, ಆರನ್ನೂ ಹೇಳಿ ತುಂಬಿಸಿದ. ಭಾನುವಾರ ಅಕ್ಕನ ಯಜಮಾನರ ಕೈಗೆ ಕೊಡುವ ಮುಂಚೆ, ಕಿಟಕಿ ಬಾಗಿಲು ಮುಚ್ಚಿಕೊಂಡು ಏಳನೆಯದನ್ನೂ ರೆಕಾರ್ಡ್ ಮಾಡಿದ. ಆ ಆರು ವರ್ಷದ ಮಾತು. ಆರು ಕಥೆ ಕೇಳುವಷ್ಟರಲ್ಲಿ ಅಕ್ಕನಿಗೆ ನಿದ್ದೆ ಹತ್ತಿರುತ್ತದೆ, ಕೇಳಿದರೆ ಕೇಳಲಿ ಬಿಟ್ಟರೆ ಬಿಡಲಿ ಎಂಬುದು ಅವನ ಲೆಕ್ಕಾಚಾರ.

ಮರುದಿನ ಕೆಲಸ ಮುಗಿಸಿ ನೋಡಲು ಹೋದ. ಅಕ್ಕ ಮಂಚದ ಮೇಲೆ ಬೋರಲಾಗಿ, ಅಂಚಿನಾಚೆ ಚಾಚಿದ, ನಡುವೆ ತೂತಿದ್ದ ದಿಂಬಿನಲ್ಲಿ ಮುಖವಿಟ್ಟು ಮಲಗಿದ್ದಳು. ಮಾತು ಮಂಚದ ಕೆಳಗಿನಿಂದ ಬಂತು.

“ಬಂದ್ಯಾ? ಬದುಕಿದ್ಯಾ?”

“ಯಾಕಕ್ಕ?”

“ಪ್ಲೇಯರ್ ಗುಂಡಿ ಒತ್ತಿದ್ರೆ ಶುರುವಿಗೇ ‘ಅಕ್ಕ, ನೀವಿಲ್ದಿದ್ರೆ ನಾನು ಏನಾಗ್ತಿದ್ನೋ, ಈ ಉಪಕಾರ ಸಾಯೋತನಕ ಮರೆಯಲ್ಲ’ ಅಂತ. ಇವನಿಗೇನೋ ಆಗಿದೆ, ಹೊರಡೋ ಮುಂಚೆ ಹೇಳ್ತಿದಾನೆ ಅಂದ್ಕೊಂಡೆ. ನಿನ್ನ ಭಾವನ್ನ ನಿಮ್ಮನೆಗೆ ಓಡಿಸೋಳಿದ್ದೆ. ಅಷ್ಟರಲ್ಲಿ ನೀನೇ ಕೆಮ್ಮಿ ವಕೀಲನ ಕಥೆ ಎತ್ತಿದೆ.”

ಗೋಂದಣ್ಣನ ಕಿವಿ ಬಿಸಿಯಾಯಿತು. “ಅದು ಕೊನೇಲಿ ಬರ್ಬೇಕಿತ್ತು. ಕೊನೇಗೇ ತುಂಬಿಸಿದ್ದು.”

“ಕೊನೇಗೆ ಇಟ್ಟಿದ್ದು ಮೇಲೆ ಬರುತ್ತೆ ಕಣೋ, ಇದು ಅಲ್ಲಿಂದಲೇ ಶುರು ಮಾಡುತ್ತೆ! ಅಚ್ಚಾದ ಹಾಳೆ ಜೋಡಿಸುವಾಗ ಹಿಂದಿನದು ಮೊದಲು ಇಡಿ, ಮುಂದಿನದು ಆಮೇಲೆ ಅಂತ ಹೊಸಬರಿಗೆಲ್ಲ ಬೈಯೋನು ನೀನು. ಒಂದು ಡಬ್ಬಿ ಕೈಗೆ ಬಂದ್ರೆ ಅದೂ ಮರೆತುಹೋಯ್ತಾ?”

ಭಾವ ಹಜಾರದಿಂದ ಕೂಗಿದರು: “ಚೆನ್ನಾಗಿತ್ತಪ್ಪಾ! ಶನಿವಾರ ಮನೆ ಬಿಟ್ಟು ಹೋದೋಳು ಸೋಮವಾರಕ್ಕೆ ಎಲ್ಲರ ಜೊತೆ ನಗ್ತಾ ಕೂತಿದ್ಲು. ಹೀಗಿದ್ರೆ ನಾನೂ ನೋಡ್ತೀನಿ.”

ಅಕ್ಕ ದನಿ ತಗ್ಗಿಸಿದಳು. “ಇನ್ನೊಂದು ಹೇಳ್ತೀನಿ ಕೇಳು. ಆ ಧಾರಾವಾಹಿ ನಾನು ನೋಡ್ತಾನೇ ಇರ್ಲಿಲ್ಲ. ನೀನು ಕೇಳಿದ ದಿನ ದೊಡ್ಡ ಸೊಸೆ ಯಾರು ಅಂತ್ಲೂ ಗೊತ್ತಿಲ್ಲ ನಂಗೆ. ಅವತ್ತು ಸಂಜೆ ಪಕ್ಕದ ಮನೆಯವಳ ಹತ್ರ ಕೂತು ಮುನ್ನೂರು ಕಂತು ಒಂದೇ ಉಸಿರಿಗೆ ಕೇಳ್ಕೊಂಡು ಬಂದೆ. ಈ ಚಟ ಹತ್ತಿಸಿದೋನು ನೀನು. ಉಪಕಾರ ಗಿಪಕಾರ ಅಂತ ನನ್ನ ತಲೆಗೆ ಕಟ್ಟಬೇಡ.”

ಗೋಂದಣ್ಣ ಅಕ್ಕನ ಹಿಂದಲೆಯನ್ನು ನೋಡುತ್ತ ನಿಂತ. ಮುಖ ಕಾಣದಿದ್ದರೆ ಕೆಲವು ಮಾತು ಸಲೀಸು.

“ಆದ್ರೂ ಅಕ್ಕ, ತುಂಬಾ ಉಪಕಾರ ಆಯ್ತು,” ಎಂದ, ಯಂತ್ರವಿಲ್ಲದೆ.

“ಹೂಂ,” ಎಂದಿತು ಮಂಚದ ಕೆಳಗಿನ ದನಿ. “ಏಳಾಯ್ತು ನೋಡು.”

ಭಾವ ಟಿವಿ ಹಚ್ಚಿದರು. ಗೋಂದಣ್ಣ ಒಂದು ಸ್ಟೂಲನ್ನು ಬಾಗಿಲ ಹೊಸ್ತಿಲಿಗೆ ಎಳೆದುಕೊಂಡ. ಅಲ್ಲಿ ಕೂತರೆ ಒಂದು ಕಣ್ಣಿಗೆ ಟಿವಿ, ಒಂದು ಕಿವಿಗೆ ಅಕ್ಕ.

“ಏನಾಗ್ತಿದೆ?”

“ಏನೂ ಆಗ್ತಿಲ್ಲ ಅಕ್ಕ. ದೊಡ್ಡ ಸೊಸೆ ಬಸ್ ಸ್ಟಾಪಲ್ಲಿ ಸುಮ್ನೆ ನಿಂತಿದಾಳೆ.”

“ಅದನ್ನೇ ಹೇಳು,” ಎಂದಳು ಅಕ್ಕ. “ಹೇಗೆ ನಿಂತಿದಾಳೆ?”