ಮೇಸ್ತ್ರಿಯ ಟೈಲ್ಸಿಗೆ ನಾಲ್ಕು ತೂತು

ನಮ್ಮ ಮಾವ ಬಚ್ಚಲಿಗೆ ಹೋದರೆ ನಾನು ನಿಂತಲ್ಲಿ ನಿಲ್ಲಲಾರೆ. ಒಲೆಯ ಮೇಲೆ ಹಾಲಿಟ್ಟಿದ್ದರೂ ಕಿವಿ ಆ ಬಾಗಿಲ ಮೇಲೆಯೇ. ನೀರಿನ ಸದ್ದು ನಿಂತರೆ ಓಡುತ್ತೇನೆ. ಆಯ್ತಾ ಮಾವ ಎಂದರೆ ಒಳಗಿನಿಂದ ಗೊಣಗಾಟ. ಈ ತಿಂಗಳು ಹಾಲು ಎಷ್ಟು ಸಲ ಉಕ್ಕಿತೋ ದೇವರೇ ಬಲ್ಲ.

ಮಾವ ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಮೇಸ್ತ್ರಿ. ಬಚ್ಚಲಿನ ಟೈಲ್ಸು ಅವರ ಕೈಯದೇ. ಮುಖ ಕಾಣುವಷ್ಟು ನುಣುಪು, ಒಂದು ಸಂದೂ ಸೊಟ್ಟಗಿಲ್ಲ. ಈಗ ಅವರ ಮೊಣಕಾಲು ಮಾತು ಕೇಳುವುದಿಲ್ಲ. ಯಾರ ಕೈಯೂ ಹಿಡಿಯದೆ, ಟವೆಲ್ ಹಾಕುವ ಕಂಬಿ ಹಿಡಿದು ಏಳುತ್ತಾರೆ. ಗೋಡೆಗೆ ಹಿಡಿಕೆ ಹಾಕಿಸೋಣ ಎಂದ ನನ್ನ ಗಂಡನಿಗೆ, ನನ್ನ ಟೈಲ್ಸಿಗೆ ಡ್ರಿಲ್ ಮುಟ್ಟಿಸಿದರೆ ಜೋಕೆ ಎಂದು ಹಾರಾಡಿದ್ದರು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.

ಕಳೆದ ವಾರ ತಲೆ ತಿರುಗಿ ಕುರ್ಚಿಯಲ್ಲಿ ಕುಸಿದರು. ಆರೋಗ್ಯ ಕಾರ್ಯಕರ್ತೆ ಬಂದು ಬಿಪಿ ನೋಡಿ, ಡಾಕ್ಟರಿಗೆ ತೋರಿಸಲು ಹೇಳಿ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಮಾವ ನೆಲ ನೋಡಿದರು.

"ಕುಡಿದ್ರೆ ಮತ್ತೆ ಮತ್ತೆ ಬಚ್ಚಲಿಗೆ ಹೋಗ್ಬೇಕಲ್ಲಮ್ಮ. ಅದಕ್ಕೇ ಕುಡಿಯಲ್ಲ."

ದಿನವಿಡೀ ಬಾಗಿಲು ಕಾದವಳು ನಾನು, ತುಂಬಿದ ಲೋಟ ಹಾಗೇ ಉಳಿಯುವುದನ್ನು ನೋಡಿರಲಿಲ್ಲ.

ಆಕೆ ಬಚ್ಚಲಿಗೆ ಹೋಗಿ ಕಂಬಿ ಜಗ್ಗಿದರು. ಸ್ಕ್ರೂ ಕಟಕಟ ಎಂದಿತು.

"ಮೇಸ್ತ್ರಿಗಳೇ, ಇದನ್ನ ಎಷ್ಟು ಭಾರಕ್ಕೆ ಅಂತ ಹಾಕಿದ್ರಿ?"

"ಒಂದು ಒದ್ದೆ ಟವೆಲ್‌ಗೆ," ಎಂದರು ಮಾವ.

ಬೋಲ್ಟು ಹಾಕಿ ಗೋಡೆಗೆ ಕೂರಿಸುವ ಹಿಡಿಕೆ, ಕಮೋಡಿನ ಮೇಲಿಡುವ ಎತ್ತರದ ಸೀಟು, ಕೂತು ಸ್ನಾನ ಮಾಡಲು ರಬ್ಬರ್ ಕಾಲಿನ ಕುರ್ಚಿ, ಜಾರದ ಮ್ಯಾಟು ಸಾಕು ಎಂದರು ಆಕೆ. ಅವೆಲ್ಲ ಕೈಲಾಗದವರಿಗೆ ಎಂದು ಮಾವ ರಾಗ ಎಳೆದರು.

"ಸ್ನಾನಕ್ಕೆ ಯಾರ ಕೈಯೂ ಹಿಡೀಬಾರದು ಅಂತ ತಾನೆ ನಿಮ್ಮ ಹಟ? ಹಾಗಾದ್ರೆ ಗೋಡೆ ಕೈ ಹಿಡ್ಕೊಳ್ಳಿ," ಎಂದರು ಆಕೆ. ಮಾವ ಒಪ್ಪಿದರು.

ಮಾರನೆಯ ದಿನ ಡ್ರಿಲ್ಲಿನವನು ಬಂದ. ಮಾವ ಬಾಗಿಲಲ್ಲಿ ಕುರ್ಚಿ ಹಾಕಿಸಿ ಕೂತರು. ಅಲ್ಲಿ ಬೇಡ, ಒಳಗೆ ಪೈಪಿದೆ. ಇಲ್ಲಿ ಹಾಕು, ಇಟ್ಟಿಗೆ ಗಟ್ಟಿ ಇದೆ ಎಂದು ಪೆನ್ಸಿಲಿನಲ್ಲಿ ತಾವೇ ಗುರುತು ಹಾಕಿಕೊಟ್ಟರು. ನಾಲ್ಕು ತೂತಿಗೂ ನಾಲ್ಕು ಸಲ ಕಣ್ಣು ಮುಚ್ಚಿದರು. ಪಾಪ ಅನ್ನಿಸಿತು.

ಮಧ್ಯಾಹ್ನ ಒಂದು ಲೋಟ ನೀರು ಗಟಗಟ ಕುಡಿದು, ಖಾಲಿ ಲೋಟ ಚಾಚಿ ಇನ್ನೊಂದು ಕೇಳಿದರು. ಆಮೇಲೆ ಬಚ್ಚಲಿಗೆ ಹೋದರು. ಅಭ್ಯಾಸಬಲ, ನಾನು ಬಾಗಿಲ ಬಳಿ ಓಡಿದೆ.

"ಅಲ್ಲೇನು ಕಾವಲು?" ಒಳಗಿನಿಂದ ದನಿ ಬಂತು. "ಹೋಗಿ ಹಾಲು ನೋಡಮ್ಮ."

ನಿಮ್ಮ ಮನೆಯ ಹಿರಿಯರು ಬಚ್ಚಲಲ್ಲಿ ಏನು ಹಿಡಿದು ಏಳುತ್ತಾರೆ? ನಲ್ಲಿಯೋ, ಬಕೆಟ್ಟೋ, ಟವೆಲ್ ಕಂಬಿಯೋ? ಇವತ್ತೇ ಹೋಗಿ ಅದನ್ನು ಒಮ್ಮೆ ಜಗ್ಗಿ ನೋಡಿ. ಅವರ ನೀರಿನ ಲೋಟವನ್ನೂ ನೋಡಿ. ಬಿದ್ದ ಮೇಲೆ ಗೋಡೆಗೆ ಹಿಡಿಕೆ ಹಾಕಿಸುವುದಕ್ಕಿಂತ, ಬೀಳುವ ಮುಂಚೆ ನಾಲ್ಕು ತೂತು ಕೊರೆಸಿ.