ಮಹಾದೇವಮ್ಮನ ಹೊಲದ ದಾರಿ

೨೦೨೫ರ ನವೆಂಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಸನ್ನತಿ ರಸ್ತೆಯಿಂದ ಒಳಗೆ ತಿರುಗಿದ ಶಾಸಕರ ಕಾರು ತೊಗರಿ ಹೊಲಗಳ ನಡುವೆ ನಿಂತಿತು. ಶಾಸಕ ಸಿದ್ಧಲಿಂಗ ಇಳಿಯಲಿಲ್ಲ. ತೊಡೆಯ ಮೇಲಿದ್ದ ಹಳೆಯ ನಕ್ಷೆಯನ್ನು ಮತ್ತೊಮ್ಮೆ ಬಿಡಿಸಿ ನೋಡಿದ.

"ಎಷ್ಟ್ ಸಲ ನೋಡಿದ್ರೂ ಕಲ್ಲು ಜಾಗಾ ಬಿಟ್ಟು ಏಳಂಗಿಲ್ಲರಿ ಸಾಹೇಬ್ರ," ಎಂದ ಮಶಾಕ. ಸಿದ್ಧಲಿಂಗ ಚಿತ್ತಾಪುರದ ಕೋರ್ಟಿನಲ್ಲಿ ವಕೀಲನಾಗಿದ್ದಾಗ ಇಪ್ಪತ್ತೈದು ವರ್ಷ ಅವನ ಗುಮಾಸ್ತನಾಗಿದ್ದವನು, ಈಗ ಆಪ್ತ ಸಹಾಯಕ. "ಇಳೀರಿ. ಹೇಳೂದು ಹೇಳಿ ಬರ್ರಿ."

ಹೇಳಬೇಕಾದದ್ದು ಇಷ್ಟು. ೧೯೯೮ರಲ್ಲಿ ಸಿದ್ಧಲಿಂಗ ಹಿಡಿದ ಮೊದಲ ಕೇಸು ಮಹಾದೇವಮ್ಮನದು. ಪಕ್ಕದ ಹೊಲದವರು ಅವಳ ಬಂಡಿದಾರಿಯನ್ನು ಉತ್ತು ತಮ್ಮದು ಮಾಡಿಕೊಂಡಿದ್ದರು. ಅಳತೆಗೆ ಬಂದವರು ಬಾವಿಯ ಬಳಿ ಹುಗಿದಿದ್ದ ಶಹಾಬಾದ್ ಫರಸಿಕಲ್ಲನ್ನು ಗಡಿಕಲ್ಲೆಂದು ತಿಳಿದು ಅಲ್ಲಿಂದ ಅಳತೆಯ ಸರಪಳಿ ಹಿಡಿದರು. ಅದು ಬಟ್ಟೆ ಒಗೆಯುವ ಕಲ್ಲು. ಆ ಸೀಮೆಯಲ್ಲಿ ಗಡಿಗೂ ಅದೇ ಕಲ್ಲು, ಗೋಡೆಗೂ ಅದೇ, ಮನೆಯ ನೆಲಕ್ಕೂ ಅದೇ. ಹತ್ತಿರ ಹೋಗಿ ಮುಟ್ಟಿದ್ದರೆ ಉಜ್ಜಿ ಉಜ್ಜಿ ನುಣುಪಾದ ಮುಖ ಕೈಗೆ ತಿಳಿಯುತ್ತಿತ್ತು. ಆದರೆ ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಅಂಟುತ್ತಿತ್ತು, ಸಿದ್ಧಲಿಂಗನ ಕಾಲಲ್ಲಿ ಹೊಸ ಬೂಟುಗಳಿದ್ದವು. ಬದುವಿನ ಮೇಲೆ ನಿಂತೇ ಅಳತೆಗೆ ಒಪ್ಪಿ ಸಹಿ ಹಾಕಿದ. ದಾರಿ ಪಕ್ಕದವರ ಪಾಲಾಗಿ ಕೇಸು ಸೋತಿತು.

ಆಮೇಲೆ ಸೇಡಂ, ವಾಡಿ, ಚಿಂಚೋಳಿಗಳಿಂದಲೂ ಕಕ್ಷಿದಾರರು ಅವನನ್ನು ಹುಡುಕಿಕೊಂಡು ಬಂದರು. ಎರಡು ವರ್ಷದ ಹಿಂದೆ ಚುನಾವಣೆ ಗೆದ್ದದ್ದೂ ಒಳ್ಳೆಯ ವಕೀಲನೆಂಬ ಆ ಹೆಸರಿನಿಂದಲೇ. ಮಹಾದೇವಮ್ಮ ಮಾತ್ರ ಪ್ರತಿ ಸುಗ್ಗಿಯ ರಾಶಿಗೂ ಹಳ್ಳ ಸುತ್ತಿ ತೊಗರಿ ಹೊತ್ತಳು. ಹೋದ ವಾರ ಹೊಲದ ರಸ್ತೆಗಳ ಪಟ್ಟಿ ಮಾಡುವಾಗ ಮೂಲ ನಕ್ಷೆ ಸಿಕ್ಕಿತು. ನಿಜವಾದ ಗಡಿಕಲ್ಲು ಒಗೆಯುವ ಕಲ್ಲಿನಿಂದ ಹನ್ನೊಂದು ಅಡಿ ಆಚೆಗಿತ್ತು, ದಾರಿ ಅವಳದೇ. ಪಕ್ಕದ ಹೊಲದ ಲಕ್ಷ್ಮಿಕಾಂತ ಒಪ್ಪಿದರೆ ಈ ರಾಶಿಗೇ ದಾರಿ ಸಿಗುತ್ತದೆ. ಒಪ್ಪದಿದ್ದರೆ ಮತ್ತೆ ಕೋರ್ಟು. ಮಹಾದೇವಮ್ಮನಿಗೆ ಈಗ ಎಪ್ಪತ್ತಾರು.

ಮಹಾದೇವಮ್ಮ, ಲಕ್ಷ್ಮಿಕಾಂತ ಇಬ್ಬರೂ ಬಾವಿಯ ಹತ್ತಿರ, ಆ ಒಗೆಯುವ ಕಲ್ಲಿನ ಪಕ್ಕ ಕೂತು ಕಾಯುತ್ತಿದ್ದರು.

"ಬಾ ಯಪ್ಪಾ ವಕೀಲ," ಎಂದಳು ಮಹಾದೇವಮ್ಮ. "ಕಾರು ಬಂದು ಭಾಳ ಹೊತ್ತಾತು. ಒಳಗ ನಿದ್ದಿ ಮಾಡ್ಲಿಕತ್ತಿದ್ದೇನು?"

ಸಿದ್ಧಲಿಂಗ ಕುಳಿತುಕೊಳ್ಳಲಿಲ್ಲ. "ಯವ್ವಾ, ಅವತ್ತು ನಿನ್ನ ಕೇಸ್ ಸೋತಿದ್ದು ನನ್ನಿಂದ. ಇದು ಗಡಿಕಲ್ಲಲ್ಲ, ಒಗಿಯೋ ಕಲ್ಲು. ಬೂಟಿಗೆ ಕೆಸರು ಹತ್ತತದಂತ ನಾ ಹತ್ರ ಬಂದು ನೋಡಲಿಲ್ಲ."

ಲಕ್ಷ್ಮಿಕಾಂತನ ಮುಖ ಬಿಗಿಯಿತು. "ಕೋರ್ಟು ನಮ್ಮಪ್ಪಗ ಕೊಟ್ಟಿದ್ದರಿ ಇದು. ಎಲೆಕ್ಷನ್‌ದಾಗ ನಿಮ್ಮ ಸಲುವಾಗಿ ಓಣಿ ಓಣಿ ತಿರಗ್ಯಾಡೀನಿ ಸಾಹೇಬ್ರ. ಅದಕ್ಕ ಇದೇನ್ರಿ ಬಹುಮಾನ?"

"ಮುಂದಿನ ಸಲ ತಿರಗಬ್ಯಾಡ ಬಿಡು. ಇವತ್ತು ಖರೇ ಹೇಳು, ಅಷ್ಟ ಸಾಕು."

ಮಹಾದೇವಮ್ಮ ನಕ್ಕುಬಿಟ್ಟಳು. "ಒಗಿಯೋ ಕಲ್ಲು ಅಂತ ನನಗ ಅವತ್ತೇ ಗೊತ್ತಿತ್ತಲ್ಲೋ!"

"ಮತ್ತ ಯಾಕ ಹೇಳಲಿಲ್ಲ?"

"ಕರಿ ಕೋಟು ಹಾಕ್ಕೊಂಡು ನಿಂತಿದ್ದಿ. ಕಾಯ್ದೆದಾಗ ಒಗಿಯೋ ಕಲ್ಲೂ ಗಡಿಕಲ್ಲ ಆಗತದೇನೋ ಅಂದ್ಕೊಂಡೆ. ಸೋತ ದಿನ ಕೋರ್ಟಿನ ಹಿಂದ ನಿಂತು ಹುಡುಗರಂಗ ಅತ್ತಿ. ಅಳೂವವಗ ಏನಂತ ಬೈಲಿ?"

ಯಾರೂ ನೋಡಿಲ್ಲವೆಂದು ಸಿದ್ಧಲಿಂಗ ಇಪ್ಪತ್ತೇಳು ವರ್ಷ ನಂಬಿದ್ದ.

ಅವಳು ಲಕ್ಷ್ಮಿಕಾಂತನ ಕಡೆ ತಿರುಗಿದಳು. "ನಿಮ್ಮವ್ವ, ನಾನು ಕೂಡೇ ಒಗಿತಿದ್ವಿ ಇದರ ಮ್ಯಾಲ. ನನ್ನ ಸಾಬೂನು ಕದ್ದು ನಿನ್ನ ಅಂಗಿ ಒಗಿತಿದ್ಳು. ನೆನಪದ ಇಲ್ಲ?"

ಲಕ್ಷ್ಮಿಕಾಂತ ಬಗ್ಗಿ ಕಲ್ಲಿನ ಮೇಲೆ ಅಂಗೈ ಆಡಿಸಿದ. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಇದರ ಮ್ಯಾಲ ಕುಂದ್ರಿಸಿ ನನಗ ಜಳಕಾ ಮಾಡಿಸ್ತಿದ್ಳು," ಎಂದ ಕೊನೆಗೆ, ತಗ್ಗಿದ ದನಿಯಲ್ಲಿ. "ಅಪ್ಪಗೂ ಗೊತ್ತಿತ್ತು. ಟೇಪ್ ತರ್ರಿ."

"ಮೊದಲ ಬೂಟು ಬಿಚ್ಚರಿ ಸಾಹೇಬ್ರ," ಎಂದ ಮಶಾಕ.

ಸಿದ್ಧಲಿಂಗ ಬಿಚ್ಚಿದ. ಎರೆಮಣ್ಣು ಪಾದಕ್ಕೆ ತಣ್ಣಗಿತ್ತು. ನಕ್ಷೆ ತೋರಿಸಿದಲ್ಲೇ, ಜಾಲಿಯ ಬುಡದಲ್ಲಿ, ಗಡಿಕಲ್ಲು ಮುಕ್ಕಾಲು ಹೂತಿತ್ತು. ಟೇಪಿನ ಒಂದು ತುದಿಯನ್ನು ಅವನು ಅಲ್ಲಿಗೆ ಒತ್ತಿ ಹಿಡಿದ, ಇನ್ನೊಂದನ್ನು ದಾರಿಯ ಆಚೆ ಅಂಚಿಗೆ ಲಕ್ಷ್ಮಿಕಾಂತ. ಮಹಾದೇವಮ್ಮ ಎದ್ದು ಬಂದು ನಡುವೆ ನಿಂತಳು. ನಕ್ಷೆಯಲ್ಲಿ ದಾರಿಯ ಅಗಲ ಕಾಲು ಸರಪಳಿ, ಮೂವತ್ತಮೂರು ಅಡಿಯ ಕಾಲು ಭಾಗ. ಮಶಾಕ ಓದಿದ್ದನ್ನು ಸಿದ್ಧಲಿಂಗ ಈ ಸಲ ತಾನೇ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ: ಎಂಟು ಅಡಿ ಮೂರು ಇಂಚು.